ಲೆಕ್ಕಕ್ಕೆ ಬಾರದ ಗಾಳಿ: ಆಲ್ಕೋಹಾಲ್ ಉತ್ಕರ್ಷಣದ ಒಂದು ಪ್ರಕರಣ ಅಧ್ಯಯನ

ಆ ನೋಟ್‌ಬುಕ್ಕಿನ ಪುಟ ಈಗಲೂ ನನ್ನ ಬಳಿ ಇದೆ. ಆಲ್ಕೋಹಾಲ್ 50 ಮಿಲಿಮೋಲ್. ತಾಮ್ರದ ಲವಣ 0.942 ಗ್ರಾಂ. ಬೈಪಿರಿಡೀನ್ 0.390 ಗ್ರಾಂ. ಟೆಂಪೊ 0.391 ಗ್ರಾಂ. ಎನ್-ಮೀಥೈಲ್ ಇಮಿಡಜೋಲ್ 0.40 ಮಿ.ಲೀ. ಅಸಿಟೋನೈಟ್ರೈಲ್ 250 ಮಿ.ಲೀ. ನನ್ನ ವಿದ್ಯಾರ್ಥಿನಿಯೊಬ್ಬಳು ಒಂದೊಂದನ್ನೂ ಅಚ್ಚುಕಟ್ಟಾಗಿ ತೂಗಿ, ಅಳೆದು ಬರೆದಿದ್ದಾಳೆ. (ಮಿಲಿಮೋಲ್ ಎಂದರೆ ಅಣುಗಳ ಎಣಿಕೆಯ ಅಳತೆ, ಮೋಲಿನ ಸಾವಿರದಲ್ಲೊಂದು ಪಾಲು.) ಪಟ್ಟಿಯ ಕೊನೆಯಲ್ಲಿ ಇನ್ನೊಂದು ಸಾಲು: ಗಾಳಿ. ಅದರ ಮುಂದೆ ಬರೀ ಒಂದು ಅಡ್ಡಗೆರೆ.

ಎರಡು ವಾರ ನಮ್ಮನ್ನು ಕಾಡಿದ್ದು ಆ ಅಡ್ಡಗೆರೆ. ಇದನ್ನು ಆ ವಿದ್ಯಾರ್ಥಿನಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವಳ ಹೆಸರು, ಸಂಸ್ಥೆ, ಅವಳು ಕಟ್ಟುತ್ತಿದ್ದ ಅಣು ಯಾವುದನ್ನೂ ಹೇಳುವುದಿಲ್ಲ. ಹೇಳಬೇಕಾದದ್ದು ಎಲ್ಲಿ ತಪ್ಪಿದೆವು, ಯಾವ ಸುಳಿವನ್ನು ನೋಡಿಯೂ ಬಿಟ್ಟೆವು, ಯಾವ ಪ್ರಶ್ನೆ ದಾರಿ ತೋರಿಸಿತು ಎಂಬುದನ್ನು. ಆಗ ಅವಳ ಕೆಲಸಕ್ಕೆ ಮಾರ್ಗದರ್ಶನ ಮಾಡುತ್ತಿದ್ದವನು ನಾನೇ. ಹಾಗಾಗಿ ತಪ್ಪುಗಳಲ್ಲಿ ದೊಡ್ಡ ಪಾಲು ನನ್ನದು.

ಹಿನ್ನೆಲೆ

ಆಲ್ಕೋಹಾಲನ್ನು ಆಲ್ಡಿಹೈಡ್ ಮಾಡುವುದು ಸಾವಯವ ರಸಾಯನಶಾಸ್ತ್ರದಲ್ಲಿ ದಿನನಿತ್ಯದ ಕೆಲಸ. ಆಲ್ಕೋಹಾಲಿನಿಂದ ಎರಡು ಹೈಡ್ರೋಜನ್ ಪರಮಾಣುಗಳನ್ನು ತೆಗೆದರೆ ಆಯಿತು. ಆದರೆ ಆ ಹೈಡ್ರೋಜನ್ ಎಲ್ಲಿಗಾದರೂ ಹೋಗಬೇಕು, ಅಲ್ವಾ? ಅದನ್ನು ಯಾರು ಹೊತ್ತೊಯ್ಯುತ್ತಾರೆ ಎನ್ನುವುದರ ಮೇಲೆ ವಿಧಾನಗಳು ಬೇರೆ ಬೇರೆ.

ಹಳೆಯ ದಾರಿ ಕ್ರೋಮಿಯಂ. ಜೋನ್ಸ್ ಕಾರಕ ಬಂದದ್ದು 1946ರಲ್ಲಿ, ಪಿಸಿಸಿ (ಪಿರಿಡಿನಿಯಂ ಕ್ಲೋರೋಕ್ರೋಮೇಟ್) ಬಂದದ್ದು 1975ರಲ್ಲಿ. ಎರಡೂ ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಆರು ವೇಲೆನ್ಸಿಯ (ಆರು ಎಲೆಕ್ಟ್ರಾನ್ ಕಳೆದುಕೊಂಡ) ಕ್ರೋಮಿಯಂ ಕ್ಯಾನ್ಸರ್ ತರುವ ವಸ್ತು. ಕೆಲಸ ಮುಗಿದ ಮೇಲೆ ಉಳಿಯುವ ಕಪ್ಪು ಗಸಿಯನ್ನು ಏನು ಮಾಡುವುದೆಂಬ ತಲೆನೋವು ಬೇರೆ. 1978ರಲ್ಲಿ ಬಂದ ಸ್ವರ್ನ್ ವಿಧಾನದಲ್ಲಿ ಲೋಹವೇ ಇಲ್ಲ. ಆದರೆ ಅದಕ್ಕೆ ಮೈನಸ್ ಅರವತ್ತು, ಎಪ್ಪತ್ತು ಡಿಗ್ರಿಯ ತಂಪು ಬೇಕು. ಹೊರಬರುವ ಡೈಮೀಥೈಲ್ ಸಲ್ಫೈಡಿನ ನಾತ ಇಡೀ ಮಹಡಿಗೇ ಹಬ್ಬುತ್ತದೆ.

ಗಾಳಿಯಲ್ಲಿರುವ ಆಮ್ಲಜನಕವೇ ಈ ಕೆಲಸ ಮಾಡಿದರೆ? ಆಗ ಉಳಿಯುವುದು ಬರೀ ನೀರು. ಎರಡು ಅಣು ಆಲ್ಕೋಹಾಲಿಗೆ ಒಂದು ಅಣು ಆಮ್ಲಜನಕ ಸಾಕು. ದೊಡ್ಡ ಕಾರ್ಖಾನೆಗಳು ಮೆಥನಾಲಿನಿಂದ ಫಾರ್ಮಾಲ್ಡಿಹೈಡ್ ತಯಾರಿಸುವುದು ಹೀಗೆಯೇ, ಬಿಸಿ ಬೆಳ್ಳಿಯ ಅಥವಾ ಕಬ್ಬಿಣ-ಮಾಲಿಬ್ಡಿನಂ ಆಕ್ಸೈಡಿನ ಮೇಲೆ ಗಾಳಿ ಹಾಯಿಸಿ. ಆದರೆ ನೂರಾರು ಡಿಗ್ರಿ ಬಿಸಿಯನ್ನು ತಾಳುವ ಶಕ್ತಿ ನಾಜೂಕಿನ ಅಣುಗಳಿಗೆ ಇರುವುದಿಲ್ಲ. ಕೋಣೆಯ ಉಷ್ಣತೆಯಲ್ಲಿ ಆಗಬೇಕೆಂದರೆ ಒಳ್ಳೆಯ ವೇಗವರ್ಧಕ ಬೇಕು.

ಪ್ರಕೃತಿ ಇದನ್ನು ಮೊದಲೇ ಕಂಡುಕೊಂಡಿದೆ. ಗ್ಯಾಲಕ್ಟೋಸ್ ಆಕ್ಸಿಡೇಸ್ ಎಂಬ ಕಿಣ್ವ ಒಂದೇ ಒಂದು ತಾಮ್ರದ ಅಯಾನು ಇಟ್ಟುಕೊಂಡು ಸಕ್ಕರೆಯ ಆಲ್ಕೋಹಾಲನ್ನು ಆಲ್ಡಿಹೈಡ್ ಮಾಡುತ್ತದೆ. ಪ್ರಯೋಗಾಲಯದಲ್ಲಿ 1984ರಲ್ಲಿ ಸೆಮ್ಮೆಲ್‌ಹ್ಯಾಕ್ ಮತ್ತು ಸಂಗಡಿಗರು ತಾಮ್ರದ ಕ್ಲೋರೈಡಿನ ಜೊತೆ ಟೆಂಪೊ ಎಂಬ ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ, ಕೆಂಪು-ಕಿತ್ತಳೆ ಬಣ್ಣದ ಸ್ಥಿರ ರ‍್ಯಾಡಿಕಲ್ ಸೇರಿಸಿ ಆಮ್ಲಜನಕದಿಂದ ಇದನ್ನು ಮಾಡಿ ತೋರಿಸಿದರು. 2011ರಲ್ಲಿ ಜೆಸ್ಸಿಕಾ ಹೂವರ್ ಮತ್ತು ಶ್ಯಾನನ್ ಸ್ಟಾಲ್ ಅದನ್ನು ತುಂಬ ಸರಳ ಮಾಡಿದರು. ಒಂದು ವೇಲೆನ್ಸಿಯ ತಾಮ್ರದ ಲವಣ, ಬೈಪಿರಿಡೀನ್, ಟೆಂಪೊ ಆಲ್ಕೋಹಾಲಿನ ಮೋಲ್ ಲೆಕ್ಕದಲ್ಲಿ ತಲಾ ಶೇ. 5, ಎನ್-ಮೀಥೈಲ್ ಇಮಿಡಜೋಲ್ ಶೇ. 10, ಅಸಿಟೋನೈಟ್ರೈಲ್ ದ್ರಾವಕ, ಕೋಣೆಯ ಉಷ್ಣತೆ, ಸುತ್ತಲಿನ ಗಾಳಿ. ಅಷ್ಟೇ. ನಾವು ಹಿಡಿದದ್ದು ಇದೇ ದಾರಿ. ನನಗೆ ಈ ವಿಧಾನದ ಮೇಲೆ ತುಂಬ ಪ್ರೀತಿ. ವಿಷದ ಲೋಹ ಇಲ್ಲ, ನಾತ ಇಲ್ಲ, ಮಂಜುಗಡ್ಡೆ ಇಲ್ಲ. ಕ್ರಿಯೆ ಎಲ್ಲಿಗೆ ಬಂದಿದೆ ಎಂದು ದ್ರಾವಣದ ಬಣ್ಣವೇ ಹೇಳುತ್ತದೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಸಮಸ್ಯೆ

ವಿದ್ಯಾರ್ಥಿನಿಯ ಬಳಿ ಇದ್ದದ್ದು ಬೆಂಜೈಲ್ ಬಗೆಯ ಒಂದು ಪ್ರಾಥಮಿಕ ಆಲ್ಕೋಹಾಲ್, ಅಂದರೆ ಬೆಂಜೀನ್ ಉಂಗುರಕ್ಕೆ ಅಂಟಿದ ಇಂಗಾಲದ ಮೇಲೆ ಒಎಚ್ ಗುಂಪು ಇರುವಂಥದ್ದು. ಮುಂದಿನ ಐದು ಹಂತಗಳಿಗೆ ಅದರ ಆಲ್ಡಿಹೈಡ್ ಗ್ರಾಂಗಟ್ಟಲೆ ಬೇಕಿತ್ತು. ಮೊದಲು 1 ಮಿಲಿಮೋಲಿನಷ್ಟು ಮಾಡಿ ನೋಡಿದಳು. ಸಣ್ಣ ಗಾಜಿನ ವಯಲ್, 5 ಮಿ.ಲೀ. ದ್ರಾವಣ, ಮುಚ್ಚಳ ತೆಗೆದೇ ಇಟ್ಟಿದ್ದಳು. ಗಾಢ ಕೆಂಪು-ಕಂದು ಬಣ್ಣದ ದ್ರಾವಣ ಒಂದೂವರೆ ಗಂಟೆಗೆ ಹಸಿರಾಯಿತು. ಜಿಸಿಯಲ್ಲಿ (ಮಿಶ್ರಣದ ವಸ್ತುಗಳನ್ನು ಬೇರ್ಪಡಿಸಿ ತೋರಿಸುವ ಗ್ಯಾಸ್ ಕ್ರೊಮ್ಯಾಟೋಗ್ರಫಿ) ಆಲ್ಕೋಹಾಲಿನ ಗೆರೆ ಮಾಯ. ಬರೀ ಆಲ್ಡಿಹೈಡ್. ಆಮ್ಲದ ಸುಳಿವೂ ಇಲ್ಲ. ಅವಳ ಮುಖ ಅರಳಿತ್ತು, ನನ್ನದೂ.

ಆಮೇಲೆ 5 ಮಿಲಿಮೋಲ್. ಸಂಜೆ ಇಟ್ಟು ಮನೆಗೆ ಹೋದಳು. ಬೆಳಗ್ಗೆ ಬಂದು ನೋಡಿದರೆ ಕ್ರಿಯೆ ಪೂರ್ತಿ ಆಗಿದೆ, ಆದರೆ ಅರ್ಧ ದ್ರಾವಕ ಹಾರಿಹೋಗಿದೆ. ಫ್ಯೂಮ್ ಹುಡ್ಡಿನ (ಆವಿಯನ್ನು ಹೊರಗೆಳೆಯುವ ಗೂಡಿನ) ಎಳೆತಕ್ಕೆ ಅಸಿಟೋನೈಟ್ರೈಲ್ ಆವಿಯಾಗಿ ಹೋಗಿತ್ತು. ದೊಡ್ಡ ಪ್ರಮಾಣಕ್ಕೆ ಹೋದಾಗ ಹೀಗಾದರೆ ಎಲ್ಲವೂ ಒಣಗಿ ತಳ ಹಿಡಿಯುತ್ತದೆ ಎಂದು ಅವಳಿಗೆ ಅನ್ನಿಸಿತು. ಟೆಂಪೊ ಕೂಡ ಸುಲಭವಾಗಿ ಆವಿಯಾಗುವ ವಸ್ತು. ಹಾಗಾಗಿ 50 ಮಿಲಿಮೋಲಿನ ಪ್ರಯೋಗಕ್ಕೆ 500 ಮಿ.ಲೀ. ದುಂಡು ತಳದ ಫ್ಲಾಸ್ಕ್ ತೆಗೆದುಕೊಂಡಳು. ಬಾಯಿಗೆ ಸೆಪ್ಟಮ್, ಅಂದರೆ ಸೂಜಿ ಚುಚ್ಚಬಹುದಾದ ರಬ್ಬರಿನ ಮುಚ್ಚಳ, ಒತ್ತಿದಳು. "ಒಳಗೆ ಅರ್ಧ ಫ್ಲಾಸ್ಕ್ ಗಾಳಿ ಇದೆ ಸರ್, ಸಾಕಲ್ವಾ?" ಎಂದು ಕೇಳಿದಳು. ನಾನು ಬೇರೆ ಏನೋ ಓದುತ್ತಿದ್ದೆ. ಸಾಕು ಎಂದೆ.

ಈ ಪ್ರಕರಣದ ಮೊದಲ ತಿರುವು ಆ ಒಂದು ಮಾತು. ಅವಳು ಕೇಳಿದ್ದು ಸರಿಯಾದ ಪ್ರಶ್ನೆ. ಅರ್ಧ ನಿಮಿಷ ಕೂತು ಲೆಕ್ಕ ಹಾಕಿದ್ದರೆ ಮುಂದಿನ ಎರಡು ವಾರ ಉಳಿಯುತ್ತಿತ್ತು.

ಎರಡು ಗಂಟೆಗೆ ಶೇ. 9ರಷ್ಟು ಆಲ್ಡಿಹೈಡ್. ಸಂಜೆಗೆ ಶೇ. 10. ಮರುದಿನ ಬೆಳಗ್ಗೆ ಶೇ. 11. ಅಲ್ಲಿಗೆ ನಿಂತಿತು.

ನಾವು ಮಾಡಿದ್ದು

ಮೊದಲು ಸಂಶಯ ಹೋದದ್ದು ವೇಗವರ್ಧಕದ ಮೇಲೆ. ಕ್ರಿಯೆ ನಿಂತರೆ ವೇಗವರ್ಧಕ ಸತ್ತಿದೆ ಎನ್ನುವುದು ನಮ್ಮೆಲ್ಲರ ಅಭ್ಯಾಸ. ಒಂದು ವೇಲೆನ್ಸಿಯ ತಾಮ್ರದ ಲವಣ ಗಾಳಿ, ತೇವ ತಾಗಿದರೆ ಹಾಳಾಗುತ್ತದೆ. ಬಾಟಲಿ ಹಳೆಯದಿರಬಹುದು. ಹೊಸ ಬಾಟಲಿ ತೆಗೆದು, ತಾಮ್ರ, ಬೈಪಿರಿಡೀನ್, ಟೆಂಪೊ ಮೂರನ್ನೂ ಇನ್ನೊಂದಿಷ್ಟು ಹಾಕು ಎಂದು ನಾನೇ ಹೇಳಿದೆ. ಸೆಪ್ಟಮ್ ತೆಗೆದಳು, ಮೂರನ್ನೂ ತೂಗಿ ಒಂದೊಂದಾಗಿ ಹಾಕಿದಳು, ಕಲಕಿದಳು, ಮತ್ತೆ ಮುಚ್ಚಿದಳು. ಹತ್ತು ನಿಮಿಷದ ಕೆಲಸ.

ಎರಡು ಗಂಟೆಯ ನಂತರ ನೋಡಿದರೆ ಶೇ. 19!

ನಮಗೆ ಖುಷಿಯೋ ಖುಷಿ. ವೇಗವರ್ಧಕ ಕಡಿಮೆ ಬಿದ್ದಿತ್ತು ಎಂದು ನೋಟ್‌ಬುಕ್ಕಿನಲ್ಲಿ ಬರೆದೂ ಆಯಿತು. ಆದರೆ ಮರುದಿನ ಬೆಳಗ್ಗೆ ಶೇ. 20ಕ್ಕೆ ಮತ್ತೆ ನಿಂತಿತ್ತು. ಹೊಸ ವೇಗವರ್ಧಕವೂ ಸತ್ತಿತೇ? ಹಾಗಾದರೆ ಆಲ್ಕೋಹಾಲಿನಲ್ಲಿ ಏನೋ ಕಸ ಇರಬೇಕು, ಅದು ತಾಮ್ರವನ್ನು ಕಟ್ಟಿಹಾಕುತ್ತಿರಬೇಕು ಎಂದುಕೊಂಡೆವು. ಆಲ್ಕೋಹಾಲನ್ನು ಶುದ್ಧ ಮಾಡಲು ಮೂರು ದಿನ ಹೋಯಿತು. ಶುದ್ಧ ಆಲ್ಕೋಹಾಲ್ ತೆಗೆದುಕೊಂಡು ಮೊದಲಿನಿಂದ ಶುರು ಮಾಡಿದಳು. ಮತ್ತೆ ಶೇ. 11. ದ್ರಾವಕವನ್ನು ಒಣಗಿಸಿ ನೋಡಿದಳು. ಮತ್ತೆ ಶೇ. 11.

ಕಸದಿಂದ ಹಾಳಾಗುವ ಕ್ರಿಯೆ ಪ್ರತಿ ಸಲವೂ ಒಂದೇ ಅಂಕಿಗೆ ಬಂದು ನಿಲ್ಲುವುದಿಲ್ಲ. ಕಸ ಒಮ್ಮೆ ಜಾಸ್ತಿ ಇರುತ್ತದೆ, ಒಮ್ಮೆ ಕಡಿಮೆ. ಮೂರು ಪ್ರಯೋಗಗಳಲ್ಲೂ ಅದೇ ಶೇ. 11 ಬಂದಾಗಲೇ ನಾವು ಎಚ್ಚೆತ್ತುಕೊಳ್ಳಬೇಕಿತ್ತು. ಅಷ್ಟು ನಿಖರವಾಗಿ ಒಂದೇ ಕಡೆ ನಿಲ್ಲುವುದೆಂದರೆ ಯಾವುದೋ ವಸ್ತು ಖಾಲಿಯಾಗುತ್ತಿದೆ ಎಂದು ಅರ್ಥ.

ಇನ್ನೂ ಎರಡು ಸುಳಿವುಗಳು ಕಣ್ಣೆದುರೇ ಇದ್ದವು. ಒಂದು, ಸೆಪ್ಟಮ್. ಬೆಳಗ್ಗೆ ಬಂದಾಗ ಅದರ ನಡುಭಾಗ ಒಳಕ್ಕೆ ತಗ್ಗಾಗಿರುತ್ತಿತ್ತು. ಸಿರಿಂಜಿನ ಸೂಜಿ ಚುಚ್ಚಿದರೆ ಗಾಳಿ ಸುಯ್ಯೆಂದು ಒಳಗೆ ಹೋಗುತ್ತಿತ್ತು. ರಾತ್ರಿಯ ತಂಪಿಗೆ ಹೀಗಾಗಿದೆ ಎಂದುಕೊಂಡೆವು. ಎರಡು, ಬಣ್ಣ. ಫ್ಲಾಸ್ಕಿನಲ್ಲಿದ್ದ ದ್ರಾವಣ ಎರಡು ದಿನವಾದರೂ ಕೆಂಪು-ಕಂದು ಬಣ್ಣದಲ್ಲೇ ಇತ್ತು.

ತಿರುವು

ಪಕ್ಕದ ಬೆಂಚಿನಲ್ಲಿ ಒಬ್ಬ ಹಿರಿಯ ಸಂಶೋಧಕಿ ಇದ್ದರು. ಲೋಹದ ಸಂಯುಕ್ತಗಳ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದವರು. ಒಂದು ಮಧ್ಯಾಹ್ನ ನಮ್ಮ ಫ್ಲಾಸ್ಕನ್ನು ಬೆಳಕಿಗೆ ಹಿಡಿದು ನೋಡಿದರು. ವಿದ್ಯಾರ್ಥಿನಿಗೆ ಒಂದೇ ಪ್ರಶ್ನೆ ಕೇಳಿದರು: "ಇದು ಸತ್ತಿದ್ದರೆ ಯಾವ ಬಣ್ಣ ಇರಬೇಕಿತ್ತಮ್ಮಾ?"

ಅವಳು ಸ್ವಲ್ಪ ಯೋಚಿಸಿ, "ನೀಲಿ ಅಥವಾ ಹಸಿರು ಮೇಡಂ" ಎಂದಳು. ಹೇಳಿ ಮುಗಿಸುವಷ್ಟರಲ್ಲಿ ಅವಳಿಗೇ ಗೊತ್ತಾಗಿತ್ತು.

ಇದು ಅರ್ಥವಾಗಬೇಕೆಂದರೆ ಫ್ಲಾಸ್ಕಿನೊಳಗೆ ನಡೆಯುವುದನ್ನು ಸ್ವಲ್ಪ ನೋಡಬೇಕು. ತಾಮ್ರ ಇಲ್ಲಿ ಎರಡು ವೇಷ ಹಾಕುತ್ತದೆ. ಎರಡು ವೇಲೆನ್ಸಿಯ ತಾಮ್ರ ಹಸಿರು-ನೀಲಿ. ಅದು ಆಲ್ಕೋಹಾಲನ್ನು ಹಿಡಿದುಕೊಳ್ಳುತ್ತದೆ. ಟೆಂಪೊ ಬಂದು ಆಲ್ಕೋಹಾಲಿನ ಇಂಗಾಲದ ಮೇಲಿನ ಹೈಡ್ರೋಜನ್ ಕಿತ್ತುಕೊಳ್ಳುತ್ತದೆ. ಆಲ್ಡಿಹೈಡ್ ಬಿಡುಗಡೆಯಾಗುತ್ತದೆ. ತಾಮ್ರ ಒಂದು ವೇಲೆನ್ಸಿಗೆ ಇಳಿಯುತ್ತದೆ. ಬೈಪಿರಿಡೀನ್ ಜೊತೆಗಿರುವ ಆ ತಾಮ್ರದ ಬಣ್ಣ ಕೆಂಪು-ಕಂದು. ಟೆಂಪೊ ಕೂಡ ಹೈಡ್ರೋಜನ್ ಹೊತ್ತು ಸುಮ್ನೆ ಕೂರುತ್ತದೆ. ಈಗ ಆಮ್ಲಜನಕ ಬರಬೇಕು. ಅದು ಬಂದು ತಾಮ್ರವನ್ನು ಮತ್ತೆ ಎರಡು ವೇಲೆನ್ಸಿಗೆ ಏರಿಸುತ್ತದೆ, ಟೆಂಪೊದ ಹೊರೆ ಇಳಿಸುತ್ತದೆ, ತಾನು ನೀರಾಗುತ್ತದೆ. ಚಕ್ರ ಮತ್ತೆ ತಿರುಗುತ್ತದೆ.

ಬೆಂಜೈಲ್ ಬಗೆಯ ಆಲ್ಕೋಹಾಲುಗಳಲ್ಲಿ ಮೊದಲ ಅರ್ಧ ಬಹಳ ವೇಗ. ನಿಧಾನವಾದ ಹೆಜ್ಜೆ ಎಂದರೆ ಆಮ್ಲಜನಕ ತಾಮ್ರವನ್ನು ಏರಿಸುವುದು. ಹಾಗಾಗಿ ಕ್ರಿಯೆ ನಡೆಯುತ್ತಿರುವಾಗ ಹೆಚ್ಚಿನ ತಾಮ್ರ ಒಂದು ವೇಲೆನ್ಸಿಯಲ್ಲೇ ಇರುತ್ತದೆ, ದ್ರಾವಣ ಕಂದಾಗಿ ಕಾಣುತ್ತದೆ. ಆಲ್ಕೋಹಾಲ್ ಮುಗಿದ ಕೂಡಲೇ ತಾಮ್ರವನ್ನು ಇಳಿಸಲು ಯಾರೂ ಇರುವುದಿಲ್ಲ. ಅದು ಎರಡು ವೇಲೆನ್ಸಿಯಲ್ಲಿ ನಿಂತುಬಿಡುತ್ತದೆ, ದ್ರಾವಣ ಹಸಿರಾಗುತ್ತದೆ. ಸಣ್ಣ ವಯಲ್‌ನಲ್ಲಿ ಒಂದೂವರೆ ಗಂಟೆಗೆ ಕಂಡದ್ದು ಇದೇ.

ಈಗ ನಮ್ಮ ಫ್ಲಾಸ್ಕ್ ನೋಡಿ. ಕಂದು ಬಣ್ಣ ಎಂದರೆ ತಾಮ್ರ ಬದುಕಿದೆ. ಆಲ್ಕೋಹಾಲ್ ಇನ್ನೂ ಉಳಿದಿದೆ. ತಾಮ್ರ ಆಮ್ಲಜನಕಕ್ಕಾಗಿ ಬಾಯಿಬಿಟ್ಟುಕೊಂಡು ಕಾಯುತ್ತಿದೆ. ಎರಡು ದಿನ ಅದು ನಮಗೆ ಇದನ್ನೇ ಹೇಳುತ್ತಿತ್ತು.

ಆದರೂ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಉಳಿದಿತ್ತು. ವೇಗವರ್ಧಕ ಹಾಕಿದಾಗ ಶೇ. 11 ಇದ್ದದ್ದು 19 ಆಯಿತಲ್ಲ, ಅದು ಹೇಗೆ? ಆ ಹಿರಿಯ ಸಂಶೋಧಕಿ ಹೇಳಿದ್ದು ಇಷ್ಟು: "ಅವತ್ತು ಮಾಡಿದ್ದನ್ನೆಲ್ಲಾ ಮತ್ತೆ ಮಾಡಿ. ಪುಡಿ ಮಾತ್ರ ಹಾಕಬೇಡಿ."

ಹಾಗೇ ಮಾಡಿದಳು. ಶೇ. 20ರಲ್ಲಿ ನಿಂತಿದ್ದ ಮೊದಲ ಫ್ಲಾಸ್ಕನ್ನು ಅವಳು ಎಸೆದಿರಲಿಲ್ಲ. ಅದರ ಸೆಪ್ಟಮ್ ತೆಗೆದಳು. ಹತ್ತು ನಿಮಿಷ ಕಲಕುತ್ತಾ ತೆರೆದಿಟ್ಟಳು. ಏನನ್ನೂ ಹಾಕಲಿಲ್ಲ. ಮತ್ತೆ ಮುಚ್ಚಿದಳು. ಎರಡು ಗಂಟೆಗೆ ಶೇ. 28.

ಅಂದರೆ ಅವತ್ತು ಕೆಲಸ ಮಾಡಿದ್ದು ನಾವು ತೂಗಿ ಹಾಕಿದ ಪುಡಿ ಅಲ್ಲ. ಪುಡಿ ಹಾಕಲು ಮುಚ್ಚಳ ತೆಗೆದಾಗ ಒಳಗೆ ಬಂದ ಗಾಳಿ. ಇಡೀ ಪ್ರಕರಣದಲ್ಲಿ ನನಗೆ ಮುಖ್ಯ ಅನ್ನಿಸುವುದು ಈ ಒಂದು ಪ್ರಯೋಗ. ನಾವು ಏನನ್ನಾದರೂ ಸೇರಿಸಿದಾಗ ಫಲ ಕಂಡರೆ, ಸೇರಿಸುವಾಗ ಮಾಡಿದ ಕೈಕೆಲಸವನ್ನಷ್ಟೇ ಮತ್ತೆ ಮಾಡಿ ನೋಡುವ ಪ್ರಯೋಗ ಹತ್ತು ನಿಮಿಷದ್ದು. ಅದನ್ನು ಮೊದಲ ದಿನವೇ ಮಾಡಿದ್ದರೆ ಆಲ್ಕೋಹಾಲ್ ಶುದ್ಧ ಮಾಡಲು ಹೋದ ಮೂರು ದಿನವಾದರೂ ಉಳಿಯುತ್ತಿತ್ತು.

ಆಮೇಲೆ ಲೆಕ್ಕಕ್ಕೆ ಕೂತೆವು. ಅವಳು ಅದೇ ಅಳತೆಯ ಫ್ಲಾಸ್ಕಿಗೆ ಸೆಪ್ಟಮ್ಮಿನ ಮಟ್ಟದವರೆಗೆ ನೀರು ತುಂಬಿಸಿ ಅಳೆದಳು. ದ್ರಾವಣದ ಮೇಲೆ ಉಳಿಯುವ ಜಾಗ ಸುಮಾರು 280 ಮಿ.ಲೀ. ಗಾಳಿಯಲ್ಲಿ ಆಮ್ಲಜನಕ ಶೇ. 21. ಅಂದರೆ 59 ಮಿ.ಲೀ. 25 ಡಿಗ್ರಿಯಲ್ಲಿ ಒಂದು ಮೋಲ್ ಅನಿಲಕ್ಕೆ ಸುಮಾರು 24.5 ಲೀಟರ್ ಜಾಗ ಬೇಕು. ಹಾಗಾಗಿ ಇದ್ದ ಆಮ್ಲಜನಕ 2.4 ಮಿಲಿಮೋಲ್. ಒಂದಕ್ಕೆ ಎರಡರಂತೆ ಅದು ಉತ್ಕರ್ಷಿಸಬಲ್ಲ ಆಲ್ಕೋಹಾಲ್ 4.8 ಮಿಲಿಮೋಲ್. 50ರಲ್ಲಿ 4.8 ಎಂದರೆ ಶೇ. 9.6. ದ್ರಾವಕದಲ್ಲಿ ಮೊದಲೇ ಕರಗಿದ್ದ ಚೂರು ಆಮ್ಲಜನಕ, ಸೂಜಿ ಚುಚ್ಚಿದಾಗ ಒಳಹೋದ ಗಾಳಿ ಸೇರಿಸಿದರೆ ಶೇ. 11. ಸೆಪ್ಟಮ್ ಒಳಕ್ಕೆ ತಗ್ಗಿದ್ದು ಇದಕ್ಕೇ. ಐದನೇ ಒಂದು ಭಾಗ ಅನಿಲ ನೀರಾಗಿ ಹೋಗಿತ್ತು.

50 ಮಿಲಿಮೋಲ್ ಪೂರ್ತಿ ಆಗಲು 25 ಮಿಲಿಮೋಲ್ ಆಮ್ಲಜನಕ ಬೇಕು. ಗಾಳಿಯ ಲೆಕ್ಕದಲ್ಲಿ ಸುಮಾರು 2.9 ಲೀಟರ್. ನಾವು ಕೊಟ್ಟದ್ದು ಕಾಲು ಲೀಟರಿಗಿಂತ ಸ್ವಲ್ಪ ಹೆಚ್ಚು.

ಗಾಳಿ ಕೊಡುವ ದಾರಿ

ಸಮಸ್ಯೆ ಗೊತ್ತಾದ ಮೇಲೆ ಪರಿಹಾರ ಸುಲಭ ಎಂದು ತೋರುತ್ತದೆ. ಹಾಗಿರಲಿಲ್ಲ. ಮೊದಲು ಬಂದ ಸಲಹೆ, ಶುದ್ಧ ಆಮ್ಲಜನಕ ತುಂಬಿದ ಬಲೂನ್ ಕಟ್ಟುವುದು. ಚಿಕ್ಕ ಪ್ರಮಾಣದಲ್ಲಿ ಹಲವರು ಹೀಗೆ ಮಾಡುತ್ತಾರೆ. ನಾವು ಬೇಡ ಎಂದು ನಿರ್ಧರಿಸಿದೆವು. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು.

ಅಸಿಟೋನೈಟ್ರೈಲಿನ ಫ್ಲ್ಯಾಶ್ ಪಾಯಿಂಟ್ ಸುಮಾರು 2 ಡಿಗ್ರಿ ಸೆಲ್ಸಿಯಸ್. ಅಂದರೆ ಕೋಣೆಯ ಉಷ್ಣತೆಯಲ್ಲಿ ಅದರ ಮೇಲಿನ ಗಾಳಿಯಲ್ಲಿ ಬೆಂಕಿ ಹೊತ್ತಿಕೊಳ್ಳುವಷ್ಟು ಆವಿ ಯಾವಾಗಲೂ ಇರುತ್ತದೆ. ಬರೀ ಗಾಳಿಯಲ್ಲೇ ಈ ಸ್ಥಿತಿ. ಶುದ್ಧ ಆಮ್ಲಜನಕ ಸೇರಿಸಿದರೆ ಕಿಡಿ ಇನ್ನೂ ಸುಲಭವಾಗಿ ಹತ್ತುತ್ತದೆ, ಉರಿ ಇನ್ನೂ ಜೋರಾಗುತ್ತದೆ. ಕಾಲು ಲೀಟರ್ ದ್ರಾವಕದ ಮೇಲೆ ಅಂಥ ಮಿಶ್ರಣ ಇಟ್ಟುಕೊಂಡು ರಾತ್ರಿ ಮನೆಗೆ ಹೋಗುವ ಧೈರ್ಯ ನನಗಿಲ್ಲ. ಯಾರಿಗೂ ಇರಬಾರದು. ಕಾರ್ಖಾನೆಯ ಪ್ರಮಾಣದಲ್ಲಿ ಇಂಥ ಕ್ರಿಯೆ ಮಾಡುವವರು ಹೋಗುವುದು ಎದುರು ದಿಕ್ಕಿಗೆ. ಗಾಳಿಗೆ ಸಾರಜನಕ ಬೆರೆಸಿ ಆಮ್ಲಜನಕವನ್ನು ಶೇ. 10ಕ್ಕಿಂತ ಕೆಳಗಿಳಿಸುತ್ತಾರೆ. ಅಷ್ಟು ತೆಳುವಾದರೆ ಹೆಚ್ಚಿನ ದ್ರಾವಕಗಳ ಆವಿಗೆ ಬೆಂಕಿ ಹಿಡಿಯುವುದಿಲ್ಲ. ಕಡಿಮೆಯಾದ ಆಮ್ಲಜನಕಕ್ಕೆ ಬದಲಾಗಿ ಒತ್ತಡ ಹೆಚ್ಚಿಸಿ, ತೆಳು ಕೊಳವೆಯಲ್ಲಿ ಕ್ರಿಯೆಯನ್ನು ಹರಿಸುತ್ತಾರೆ. ಆ ಸಲಕರಣೆ ನಮ್ಮಲ್ಲಿರಲಿಲ್ಲ.

ಉಳಿದದ್ದು ಸುತ್ತಲಿನ ಗಾಳಿಯೇ. ಫ್ಯೂಮ್ ಹುಡ್ಡಿನೊಳಗೆ, ಕಿಡಿ ಹಾರಿಸಬಹುದಾದ ಯಾವ ಉಪಕರಣವೂ ಹತ್ತಿರ ಇಲ್ಲದಂತೆ, ಹಗಲಿನಲ್ಲಿ ಮಾತ್ರ, ಯಾರಾದರೂ ಎದುರಿಗೇ ಇದ್ದು ಮಾಡುವುದೆಂದು ನಿಶ್ಚಯಿಸಿದೆವು.

ಹೊಸ ಪ್ರಯೋಗಕ್ಕೆ ಅದೇ 500 ಮಿ.ಲೀ. ಅಳತೆಯ ಮೂರು ಬಾಯಿಯ ಫ್ಲಾಸ್ಕ್. ಒಂದು ಬಾಯಿಯಿಂದ ದ್ರಾವಣದ ಮೇಲೆ ನಿಧಾನವಾಗಿ ಗಾಳಿ, ನಿಮಿಷಕ್ಕೆ ಸುಮಾರು 100 ಮಿ.ಲೀ. ಇನ್ನೊಂದಕ್ಕೆ ತಣ್ಣೀರು ಹರಿಯುವ ಕಂಡೆನ್ಸರ್. ಗಾಳಿ ಅದರ ಮೂಲಕ ಹೊರಹೋಗುತ್ತದೆ, ದ್ರಾವಕದ ಆವಿ ಬಹುಪಾಲು ತಣಿದು ಕೆಳಗೆ ಬೀಳುತ್ತದೆ. ಮೂರನೆಯದರಲ್ಲಿ ಥರ್ಮಾಮೀಟರ್. ಲೆಕ್ಕದ ಪ್ರಕಾರ ಬೇಕಾದ ಆಮ್ಲಜನಕವೆಲ್ಲ ಅರ್ಧ ಗಂಟೆಯಲ್ಲಿ ಫ್ಲಾಸ್ಕಿನ ಮೂಲಕ ಹಾದುಹೋಗುತ್ತದೆ. ಮೂರು ಗಂಟೆಯೊಳಗೆ ಮುಗಿಯುತ್ತದೆ ಎಂದುಕೊಂಡಿದ್ದೆವು.

ಐದು ಗಂಟೆಗೆ ಶೇ. 40.

ಈ ಸಲ ಯಾರೂ ವೇಗವರ್ಧಕದ ಮಾತು ಎತ್ತಲಿಲ್ಲ. ಬಣ್ಣ ಕಂದು. ತಾಮ್ರ ಇನ್ನೂ ಕಾಯುತ್ತಿದೆ. ಫ್ಲಾಸ್ಕಿನಲ್ಲಿ ಗಾಳಿ ಬೇಕಾದಷ್ಟಿದೆ. ಹಾಗಾದರೆ ಕೊರತೆ ಎಲ್ಲಿ? ಉತ್ತರ ಕೊಟ್ಟದ್ದು ವಿದ್ಯಾರ್ಥಿನಿಯೇ: "ಗಾಳಿ ಮೇಲೆ ಇದೆ ಸರ್, ತಾಮ್ರ ಕೆಳಗೆ ಇದೆ."

ಅಸಿಟೋನೈಟ್ರೈಲಿನಲ್ಲಿ ಆಮ್ಲಜನಕ ಕರಗುವುದು ತುಂಬ ಕಡಿಮೆ. ಗಾಳಿಗೆ ತೆರೆದಿಟ್ಟರೆ ಲೀಟರಿಗೆ ಒಂದೂವರೆಯಿಂದ ಎರಡು ಮಿಲಿಮೋಲ್ ಅಷ್ಟೇ. ನಮ್ಮ ದ್ರಾವಣಕ್ಕೆ ಲೀಟರಿನ ಲೆಕ್ಕದಲ್ಲಿ ಬೇಕಾದದ್ದು 100 ಮಿಲಿಮೋಲ್. ಅಂದರೆ ದ್ರಾವಣ ತನ್ನಲ್ಲಿರುವ ಆಮ್ಲಜನಕವನ್ನು ಐವತ್ತರವತ್ತು ಸಲ ಖಾಲಿ ಮಾಡಿ ಮತ್ತೆ ತುಂಬಿಕೊಳ್ಳಬೇಕು. ಪ್ರತಿ ಸಲವೂ ಅದು ಬರುವುದು ಮೇಲ್ಮೈಯಿಂದ. ಸಣ್ಣ ವಯಲ್‌ನಲ್ಲಿ ದ್ರಾವಣದ ಆಳ ಒಂದು ಸೆಂಟಿಮೀಟರ್. ದುಂಡು ಫ್ಲಾಸ್ಕಿನಲ್ಲಿ ಸುಮಾರು ಐದು. ಒಂದೊಂದು ಮಿ.ಲೀ. ದ್ರಾವಣದ ಪಾಲಿಗೆ ಬರುವ ಮೇಲ್ಮೈ ಮೂರನೇ ಒಂದಕ್ಕೆ ಇಳಿದಿತ್ತು. ಪ್ರಮಾಣ ಹೆಚ್ಚಿಸುವಾಗ ಎಲ್ಲವನ್ನೂ ಐವತ್ತು ಪಟ್ಟು ಮಾಡಿದ್ದೆವು. ಮೇಲ್ಮೈ ಮಾತ್ರ ಐವತ್ತು ಪಟ್ಟು ಆಗಿರಲಿಲ್ಲ.

ಊಹೆಯ ಮೇಲೆ ಮುಂದೆ ಹೋಗುವುದು ಬೇಡ ಎಂದು ಒಂದು ಪರೀಕ್ಷೆ ಮಾಡಿದೆವು. ಬೇರೇನೂ ಬದಲಿಸದೆ ಕಲಕುವ ವೇಗ ಮಾತ್ರ ಹೆಚ್ಚಿಸಿದಳು. ಮುಂದಿನ ಒಂದು ಗಂಟೆಯಲ್ಲಿ ಕ್ರಿಯೆ ಎದ್ದುಕಾಣುವಷ್ಟು ಚುರುಕಾಯಿತು. ವೇಗ ತಗ್ಗಿಸಿದಳು, ನಿಧಾನವಾಯಿತು. ನಿಜವಾದ ರಾಸಾಯನಿಕ ಹೆಜ್ಜೆಯೇ ತಡೆಯಾಗಿದ್ದರೆ ಕಲಕುವ ವೇಗಕ್ಕೆ ಅದು ಹೀಗೆ ಕುಣಿಯುತ್ತಿರಲಿಲ್ಲ. ತಡೆ ಇದ್ದದ್ದು ಗಾಳಿಯಿಂದ ದ್ರವಕ್ಕೆ ಇಳಿಯುವ ಬಾಗಿಲಲ್ಲಿ. ಗಾಳಿ ಬಳಸುವ ಯಾವ ಕ್ರಿಯೆಗೂ ಈ ಪರೀಕ್ಷೆ ಮಾಡಬಹುದು. ಖರ್ಚು ಇಲ್ಲ, ಗುಂಡಿ ತಿರುಗಿಸಿದರೆ ಆಯಿತು.

ಕೊನೆಯ ಪ್ರಯೋಗಕ್ಕೆ 1 ಲೀಟರಿನ ಅಗಲ ತಳದ ಫ್ಲಾಸ್ಕ್ ಬಂತು. ದ್ರಾವಣ ತೆಳುವಾಗಿ ಹರಡಿಕೊಂಡಿತು. ದೊಡ್ಡ ಶಿಲುಬೆಯಾಕಾರದ ಕಲಕು ಕಡ್ಡಿ ಹಾಕಿ, ನಡುವೆ ಸುಳಿ ಬೀಳುವಷ್ಟು ಜೋರಾಗಿ ತಿರುಗಿಸಿದಳು. ಗಾಳಿ, ಕಂಡೆನ್ಸರ್ ಮೊದಲಿನಂತೆಯೇ.

ಇಪ್ಪತ್ತು ನಿಮಿಷಕ್ಕೆ ಥರ್ಮಾಮೀಟರ್ 24ರಿಂದ 33ಕ್ಕೆ ಏರಿತು. ಇದನ್ನು ನಾವು ಎದುರುನೋಡಿರಲಿಲ್ಲ, ನೋಡಬೇಕಿತ್ತು. ಬೆಂಜೈಲ್ ಆಲ್ಕೋಹಾಲ್ ಆಲ್ಡಿಹೈಡ್ ಆಗುವಾಗ ಒಂದು ಮೋಲಿಗೆ ಸುಮಾರು 200 ಕಿಲೋಜೂಲ್ ಶಾಖ ಹೊರಬರುತ್ತದೆ. 50 ಮಿಲಿಮೋಲಿಗೆ ಸುಮಾರು 10 ಕಿಲೋಜೂಲ್. ಎಲ್ಲವೂ ಒಮ್ಮೆಗೇ ಬಂದರೆ ಕಾಲು ಲೀಟರ್ ಅಸಿಟೋನೈಟ್ರೈಲನ್ನು ಇಪ್ಪತ್ತು ಡಿಗ್ರಿಗೂ ಮೇಲೆ ಏರಿಸಲು ಅದು ಸಾಕು. ಅಲ್ಲಿಯವರೆಗೆ ಆಮ್ಲಜನಕದ ಕೊರತೆಯೇ ಶಾಖವನ್ನು ತಡೆದು ನಿಲ್ಲಿಸಿತ್ತು. ಕೊರತೆ ನೀಗಿಸಿದೊಡನೆ ಶಾಖವೂ ಬಂತು. ಕಲಕುವುದನ್ನು ತಗ್ಗಿಸಿ, ಫ್ಲಾಸ್ಕಿನ ಕೆಳಗೆ ತಣ್ಣೀರಿನ ಪಾತ್ರೆ ಇಟ್ಟು, ಮತ್ತೆ ಮೆಲ್ಲಗೆ ವೇಗ ಹೆಚ್ಚಿಸಿದೆವು. 28 ಡಿಗ್ರಿಗೆ ನಿಂತಿತು. ಇಲ್ಲಿ ಕಲಕುವ ಗುಂಡಿಯೇ ಬ್ರೇಕು. ಆಮ್ಲಜನಕ ಕಡಿಮೆ ಇಳಿದರೆ ಶಾಖವೂ ಕಡಿಮೆ. ಇದು ಗೊತ್ತಿದ್ದರೆ ಹೆದರಬೇಕಾಗಿಲ್ಲ. ಆದರೆ ಥರ್ಮಾಮೀಟರ್ ಇಲ್ಲದೆ ಈ ಪ್ರಮಾಣದಲ್ಲಿ ಮಾಡಲೇಬಾರದು.

ಫಲ

ಮೂರೂವರೆ ಗಂಟೆಗೆ ಬಣ್ಣ ತಿರುಗಿತು. ಮೊದಲು ಸುಳಿಯ ಅಂಚಿನಲ್ಲಿ ಹಸಿರು ಛಾಯೆ ಕಂಡಿತು. ಆಮೇಲೆ ಎರಡೇ ನಿಮಿಷದಲ್ಲಿ ಇಡೀ ದ್ರಾವಣ ಹಸಿರು. ವಿದ್ಯಾರ್ಥಿನಿ ನನ್ನನ್ನು ಕೂಗಿ ಕರೆದಳು. ಜಿಸಿಯಲ್ಲಿ ಆಲ್ಕೋಹಾಲ್ ಇಲ್ಲ. ದ್ರಾವಕ ತೆಗೆದು, ಈಥೈಲ್ ಅಸಿಟೇಟಿನಲ್ಲಿ ಕರಗಿಸಿ, ಲೋಹವನ್ನು ಹಿಡಿದುಕೊಳ್ಳುವ ಇಡಿಟಿಎ ಬೆರೆಸಿದ ನೀರಿನಿಂದ ತೊಳೆದಳು. ತಾಮ್ರವೆಲ್ಲ ನೀಲಿಯಾಗಿ ನೀರಿಗಿಳಿಯಿತು. ಸಿಲಿಕಾದ ಗಿಡ್ಡ ಕಾಲಂ ಹಾಯಿಸಿದ ಮೇಲೆ ಶೇ. 93ರಷ್ಟು ಆಲ್ಡಿಹೈಡ್ ಕೈಗೆ ಬಂತು.

ಒಂದು ಎಚ್ಚರಿಕೆ. ಬಣ್ಣದ ಈ ಭಾಷೆ ಬೆಂಜೈಲ್, ಅಲೈಲ್ ಬಗೆಯ ಚುರುಕು ಆಲ್ಕೋಹಾಲುಗಳಿಗೆ ಚೆನ್ನಾಗಿ ಹೊಂದುತ್ತದೆ. ಸಾದಾ ಇಂಗಾಲದ ಸರಪಳಿಯ (ಅಲಿಫ್ಯಾಟಿಕ್) ಆಲ್ಕೋಹಾಲುಗಳಲ್ಲಿ ಹೈಡ್ರೋಜನ್ ಕೀಳುವ ಹೆಜ್ಜೆಯೇ ನಿಧಾನ. ಅಲ್ಲಿ ಎರಡೂ ಬಗೆಯ ತಾಮ್ರ ಬೆರೆತಿರುತ್ತವೆ, ಬಣ್ಣ ಇಷ್ಟು ಸ್ಪಷ್ಟವಾಗಿ ಮಾತಾಡುವುದಿಲ್ಲ. ಸೆಕೆಂಡರಿ ಆಲ್ಕೋಹಾಲುಗಳಿಗಂತೂ (ಒಎಚ್ ಇರುವ ಇಂಗಾಲಕ್ಕೆ ಇನ್ನೆರಡು ಇಂಗಾಲ ಅಂಟಿರುವಂಥವು) ಟೆಂಪೊ ತುಂಬ ದಪ್ಪ, ಹತ್ತಿರ ಹೋಗಲಾರದು. ಅದಕ್ಕೇ ಅಲ್ಲಿ ಆಬ್ನೊ ಎಂಬ ಇಕ್ಕಟ್ಟು ಕಡಿಮೆ ಇರುವ ರ‍್ಯಾಡಿಕಲ್ ಬಳಸುತ್ತಾರೆ. ಹಾಗಾಗಿ ಬಣ್ಣ ನೋಡಿ ಊಹಿಸುವ ಮೊದಲು ನಿಮ್ಮ ಆಲ್ಕೋಹಾಲ್ ಯಾವ ಬಗೆಯದೆಂದು ನೋಡಿಕೊಳ್ಳಿ.

ಇನ್ನೊಂದು ವಿಷಯ ಆಮೇಲೆ ತಿಳಿಯಿತು. ಫ್ಲಾಸ್ಕಿನಲ್ಲಿದ್ದಷ್ಟು ಹೊತ್ತು ಆಲ್ಡಿಹೈಡ್ ಚೂರೂ ಆಮ್ಲವಾಗಲಿಲ್ಲ. ಆಲ್ಡಿಹೈಡ್ ಗಾಳಿಯಲ್ಲಿ ಆಮ್ಲವಾಗುವುದು ರ‍್ಯಾಡಿಕಲ್ಲುಗಳ ಸರಪಳಿಯಿಂದ. ಟೆಂಪೊ ಆ ಸರಪಳಿಯನ್ನು ಕತ್ತರಿಸುತ್ತದೆ. ಆದರೆ ಶುದ್ಧ ಮಾಡುವಾಗ ನಾವು ಟೆಂಪೊವನ್ನೂ ತೆಗೆದುಹಾಕಿದ್ದೆವು. ವಾರ ಕಳೆದು ನೋಡಿದರೆ ಅರ್ಧ ತುಂಬಿದ ಬಾಟಲಿಯ ಕತ್ತಿನಲ್ಲಿ ಬಿಳಿ ಹರಳುಗಳು ಕೂತಿದ್ದವು. ಆಮ್ಲ. ಬಾಟಲಿಯ ಖಾಲಿ ಅರ್ಧದಲ್ಲಿದ್ದ ಗಾಳಿ ಅಲ್ಲೂ ತನ್ನ ಕೆಲಸ ಮಾಡಿತ್ತು. ಈ ಸಲ ಅವಳು ಯಾರನ್ನೂ ಕೇಳಲಿಲ್ಲ. ಆಲ್ಡಿಹೈಡನ್ನು ಮತ್ತೆ ಶುದ್ಧ ಮಾಡಿ, ಸಣ್ಣ ಬಾಟಲಿಗಳಿಗೆ ಕತ್ತಿನವರೆಗೆ ತುಂಬಿ, ಉಳಿದ ಜಾಗಕ್ಕೆ ಸಾರಜನಕ ಹಾಯಿಸಿ ಮುಚ್ಚಿದಳು.

ಮುಂದಿನ ಬ್ಯಾಚಿಗೆ ಅವಳು ಬರೆದ ಪಟ್ಟಿಯಲ್ಲಿ ಕೊನೆಯ ಸಾಲು ಹೀಗಿತ್ತು: ಆಮ್ಲಜನಕ 25 ಮಿಲಿಮೋಲ್. ಗಾಳಿಯಾಗಿ 2.9 ಲೀಟರ್. ದ್ರಾವಣದ ಆಳ 2 ಸೆಂಟಿಮೀಟರ್ ಮೀರಬಾರದು.